ಬೆದ್‌ಗೆಲರ್ಟ್: ನಾಯಿ ಮಲಗಿಲ್ಲದ ಸಮಾಧಿ

ವೇಲ್ಸ್‌ನ ವಾಯವ್ಯ ಭಾಗದಲ್ಲಿ, ಸ್ನೋಡನ್ ಬೆಟ್ಟದ ದಕ್ಷಿಣಕ್ಕೆ, ಗ್ಲಾಸ್ಲಿನ್ ಮತ್ತು ಕೋಲ್ವಿನ್ ಎಂಬ ಎರಡು ಪುಟ್ಟ ನದಿಗಳು ಕೂಡುವಲ್ಲಿ ಬೆದ್‌ಗೆಲರ್ಟ್ ಇದೆ. ಬೂದು ಕಲ್ಲಿನ ಮನೆಗಳು, ಸ್ಲೇಟ್ ಹೊದಿಸಿದ ಮಾಡು, ಊರ ನಡುವೆ ಒಂದು ಕಲ್ಲುಸೇತುವೆ, ನಾಲ್ಕಾರು ಹೋಟೆಲು. ಪಶ್ಚಿಮಕ್ಕೆ 783 ಮೀಟರ್ ಎತ್ತರದ ಮೋಯಲ್ ಹೆಬೋಗ್ ಬೆಟ್ಟ. ಕಣಿವೆಯ ಒಂಟಿಮನೆಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೂ ಇಲ್ಲಿನ ಜನಸಂಖ್ಯೆ ಸುಮಾರು ಐನೂರು. ಇಷ್ಟು ಸಣ್ಣ ಊರಿಗೆ ವರ್ಷವಿಡೀ ಜನ ಬರುವುದು ಬೆಟ್ಟಕ್ಕಾಗಿ, ನದಿಗಾಗಿ, ಅದಕ್ಕಿಂತ ಹೆಚ್ಚಾಗಿ ಒಂದು ನಾಯಿಗಾಗಿ.

ಸೇತುವೆಯ ಬಳಿಯಿಂದ ಗ್ಲಾಸ್ಲಿನ್ ದಡ ಹಿಡಿದು ದಕ್ಷಿಣಕ್ಕೆ ಹತ್ತು ನಿಮಿಷ ನಡೆದರೆ ಹುಲ್ಲುಗಾವಲಿನ ನಡುವೆ ಬೇಲಿ ಹಾಕಿದ ಒಂದು ಜಾಗ, ಅದರೊಳಗೆ ಮರ, ಮರದಡಿ ನೆಟ್ಟ ಕಲ್ಲು. ಪಕ್ಕದಲ್ಲಿ ಎರಡು ಸ್ಲೇಟ್ ಫಲಕಗಳಿವೆ, ಒಂದು ವೆಲ್ಷ್ ಭಾಷೆಯಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ. ಅವು ಹೇಳುವ ಕಥೆ ಇದು. 13ನೇ ಶತಮಾನದಲ್ಲಿ ಉತ್ತರ ವೇಲ್ಸ್‌ನ ಅರಸ ಲೆವೆಲಿನ್‌ಗೆ ಇಲ್ಲೊಂದು ಅರಮನೆ ಇತ್ತು. ಒಂದು ದಿನ ಅವನು ಬೇಟೆಗೆ ಹೊರಟಾಗ ಅವನ ನಂಬಿಕೆಯ ನಾಯಿ ಗೆಲರ್ಟ್ ಎಲ್ಲೂ ಕಾಣಲಿಲ್ಲ. ಮರಳಿ ಬಂದಾಗ ಅದು ಮೈಯೆಲ್ಲ ರಕ್ತ ಮಾಡಿಕೊಂಡು ಖುಷಿಯಿಂದ ಹಾರಿ ಬಂತು. ಅರಸ ಒಳಗೋಡಿ ನೋಡಿದರೆ ಮಗುವಿನ ತೊಟ್ಟಿಲು ಬರಿದು, ಹಾಸಿಗೆಯೂ ನೆಲವೂ ರಕ್ತ. ಕತ್ತಿ ಹಿರಿದು ನಾಯಿಯ ಪಕ್ಕೆಗೆ ತಿವಿದ. ಸಾಯುವ ನಾಯಿಯ ಕೂಗಿಗೆ ಮಗುವಿನ ಅಳು ಉತ್ತರ ಕೊಟ್ಟಿತು. ಹುಡುಕಿದರೆ ಮಗು ಕ್ಷೇಮ, ಬಳಿಯಲ್ಲಿ ಗೆಲರ್ಟ್ ಕೊಂದು ಕೆಡವಿದ್ದ ದೊಡ್ಡ ತೋಳ. ಅಂದಿನಿಂದ ಅರಸ ನಗಲೇ ಇಲ್ಲವಂತೆ.

ಈ ಫಲಕ ಓದುವ ಕನ್ನಡಿಗರಿಗೆ ಎರಡನೇ ವಾಕ್ಯಕ್ಕೇ ಕಥೆ ಗೊತ್ತಾಗಿಬಿಡುತ್ತದೆ. ತೋಳದ ಜಾಗದಲ್ಲಿ ಹಾವು, ನಾಯಿಯ ಜಾಗದಲ್ಲಿ ಮುಂಗುಸಿ, ಕತ್ತಿಯ ಜಾಗದಲ್ಲಿ ನೀರಿನ ಕೊಡ ಇಟ್ಟರೆ ಮುಗಿಯಿತು. ಈ ಹೋಲಿಕೆ ಆಕಸ್ಮಿಕವಲ್ಲ. ಕಥೆ ನಿಜವಾಗಿಯೂ ನಮ್ಮ ಕಡೆಯಿಂದಲೇ ಹೊರಟು, ಸುಮಾರು ಸಾವಿರ ವರ್ಷ ದಾರಿ ಸವೆಸಿ ಅಲ್ಲಿಗೆ ತಲುಪಿದ್ದು. ಆ ದಾರಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಗುರುತಿಸಬಹುದು.

ಅದಕ್ಕೆ ಮುಂಚೆ ಫಲಕವನ್ನೇ ಸ್ವಲ್ಪ ಪರೀಕ್ಷಿಸೋಣ. ಲೆವೆಲಿನ್ ಕಾಲ್ಪನಿಕ ವ್ಯಕ್ತಿಯಲ್ಲ. ಲೆವೆಲಿನ್ ಅಪ್ ಯೋರ್ವರ್ಥ್, ‘ಮಹಾ ಲೆವೆಲಿನ್’ ಎಂದೇ ಹೆಸರಾದವನು, 1240ರಲ್ಲಿ ತೀರಿಕೊಂಡ. ಇಂಗ್ಲೆಂಡಿನ ದೊರೆ ಜಾನ್‌ನ ಮಗಳು ಜೋನ್‌ಳನ್ನು ಮದುವೆಯಾಗಿದ್ದ. ನಾಯಿಯನ್ನು ಮಾವನೇ ಉಡುಗೊರೆ ಕೊಟ್ಟನೆಂದು ಕಥೆಯ ಕೆಲವು ಪಾಠಗಳು ಸೇರಿಸುತ್ತವೆ. 13ನೇ ಶತಮಾನದ ವೇಲ್ಸ್‌ನಲ್ಲಿ ತೋಳಗಳೂ ಇದ್ದವು. ಗಡಿಯಾಚೆಯ ಇಂಗ್ಲಿಷ್ ಜಿಲ್ಲೆಗಳಲ್ಲಿ ತೋಳಗಳನ್ನು ನಿರ್ನಾಮ ಮಾಡೆಂದು ಒಂದನೇ ಎಡ್ವರ್ಡ್ 1281ರಲ್ಲಿ ಪೀಟರ್ ಕಾರ್ಬೆಟ್ ಎಂಬವನಿಗೆ ಆಜ್ಞೆ ಕೊಟ್ಟದ್ದಕ್ಕೆ ದಾಖಲೆ ಇದೆ. ಇಲ್ಲಿಯವರೆಗೆ ಎಲ್ಲ ಸರಿ.

ತಪ್ಪುವುದು ಅರಮನೆಯಲ್ಲಿ. ಲೆವೆಲಿನ್‌ನ ಆಸ್ಥಾನಗಳು ಎಲ್ಲೆಲ್ಲಿದ್ದವೆಂದು ಗೊತ್ತಿದೆ: ಉತ್ತರ ಕರಾವಳಿಯ ಅಬರ್, ಆಂಗಲ್ಸೀ ದ್ವೀಪದ ರೋಸಿರ್, ಇಂಥವು. ಬೆದ್‌ಗೆಲರ್ಟ್‌ನಲ್ಲಿ ಅವನ ಕಾಲದಲ್ಲಿ ಇದ್ದದ್ದು ಅರಮನೆಯಲ್ಲ, ಕ್ರೈಸ್ತ ಮಠ. ಇನ್ನು ಊರಿನ ಹೆಸರು. 1258ರ ದಾಖಲೆಯಲ್ಲಿ ಅದು ‘ಬೆಕೆಲೆರ್ಟ್’, 1269ರದರಲ್ಲಿ ‘ಬೆದ್‌ಕೆಲೆರ್ದ್’. ‘ಬೆದ್’ ಎಂದರೆ ಸಮಾಧಿ, ಸರಿ. ಆದರೆ ಸಮಾಧಿ ಕೆಲೆರ್ಟ್ ಎಂಬವನದು. 8ನೇ ಶತಮಾನದ ಆರಂಭದಲ್ಲಿ ಇಲ್ಲಿ ನೆಲೆಸಿದ ಒಬ್ಬ ಕ್ರೈಸ್ತ ಸಾಧು ಅವನಿರಬೇಕೆಂಬುದು ವಿದ್ವಾಂಸರ ಬಹುಮತ. ಅವನ ಬಗ್ಗೆ ಕಥೆಯಿಲ್ಲ, ಹಬ್ಬವಿಲ್ಲ, ಚರ್ಚು ಕೂಡ ಅವನ ಹೆಸರಿನಲ್ಲಿಲ್ಲ, ಮೇರಿಯ ಹೆಸರಿನಲ್ಲಿದೆ. ಹೆಸರು ಉಳಿದು ಮನುಷ್ಯ ಮರೆತುಹೋದ ಇಂಥ ಊರುಗಳಲ್ಲಿ ಒಂದು ಖಾಲಿ ಜಾಗ ಉಂಟಾಗುತ್ತದೆ: ‘ಯಾರ ಸಮಾಧಿ?’ ಎಂದು ಬಂದವರು ಕೇಳುತ್ತಾರೆ, ಊರವರು ಏನಾದರೂ ಹೇಳಲೇಬೇಕಾಗುತ್ತದೆ.

ಹೇಳಿದವನು ಹೋಟೆಲಿನವನು. ಹೆಸರು ಡೇವಿಡ್ ಪ್ರಿಚರ್ಡ್. ದಕ್ಷಿಣ ವೇಲ್ಸ್‌ನಿಂದ ಬಂದು ಇಲ್ಲಿನ ಗೋಟ್ ಹೋಟೆಲಿನ ಮೊದಲ ಯಜಮಾನನಾದವನು. 18ನೇ ಶತಮಾನದ ಕೊನೆಯ ವರ್ಷಗಳು ಅವು. ಫ್ರಾನ್ಸಿನೊಂದಿಗೆ ಯುದ್ಧ ನಡೆದು ಯೂರೋಪಿನ ದಾರಿಗಳು ಮುಚ್ಚಿದ್ದರಿಂದ, ಆಲ್ಪ್ಸ್ ನೋಡಲು ಹೋಗುತ್ತಿದ್ದ ಇಂಗ್ಲಿಷ್ ಶ್ರೀಮಂತರು ವೇಲ್ಸ್‌ನ ಬೆಟ್ಟಗಳತ್ತ ತಿರುಗಿದ್ದರು. ಅವರಿಗೆ ಬೇಕಾದದ್ದು ಕಡಿದಾದ ಬಂಡೆ, ಪಾಳುಬಿದ್ದ ಗೋಡೆ, ಕಣ್ಣೀರು ತರಿಸುವ ಕಥೆ. ಬಂಡೆಯೂ ಗೋಡೆಯೂ ಬೆದ್‌ಗೆಲರ್ಟ್‌ನಲ್ಲಿ ಮೊದಲೇ ಇದ್ದವು. ಪ್ರಿಚರ್ಡ್ ಚರ್ಚಿನ ಗುಮಾಸ್ತನ ಸಹಾಯ ಪಡೆದು ಹುಲ್ಲುಗಾವಲಿನಲ್ಲಿ ಕಲ್ಲು ನೆಡಿಸಿ ಮೂರನೆಯದನ್ನೂ ಒದಗಿಸಿದ. ಈ ವಿಷಯ ಊರಿನ ಹಿರಿಯರಿಗೆ ಗೊತ್ತೇ ಇತ್ತು, ಡಿ. ಇ. ಜೆಂಕಿನ್ಸ್ ಎಂಬ ಪಾದ್ರಿ 1899ರಲ್ಲಿ ಊರಿನ ಚರಿತ್ರೆ ಬರೆದಾಗ ಅದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿದರು. ಫಲಕಗಳು ಇನ್ನೂ ಈಚಿನವು.

ಕಲ್ಲೊಂದೇ ಇದ್ದಿದ್ದರೆ ಕಥೆ ಕಣಿವೆ ದಾಟುತ್ತಿರಲಿಲ್ಲವೇನೋ. 1800ರ ಆಗಸ್ಟ್‌ನಲ್ಲಿ ವಿಲಿಯಂ ರಾಬರ್ಟ್ ಸ್ಪೆನ್ಸರ್ ಎಂಬ ಇಂಗ್ಲಿಷ್ ಕವಿ ಅದನ್ನು ಪದ್ಯ ಮಾಡಿದ. ಹೈಡನ್‌ನಂಥ ಸಂಗೀತಗಾರ ಆ ಪದ್ಯವನ್ನು ಒಂದು ವೆಲ್ಷ್ ಹಾಡಿನ ಧಾಟಿಗೆ ಕೂಡಿಸಿದ. ಅಲ್ಲಿಂದ ಮುಂದೆ ಇಂಗ್ಲೆಂಡಿನ ಮನೆಮನೆಯ ಪಿಯಾನೋ ಮುಂದೆ ಗೆಲರ್ಟ್ ಸಾಯತೊಡಗಿತು. ಶಾಲೆಯ ಪಠ್ಯಗಳಿಗೂ ಹೋಯಿತು. ಹೀಗೆ ಮುದ್ರಣದಲ್ಲಿ ಹೋಗಿ ಬಂದ ಕಥೆಯನ್ನು ಊರವರೇ ತಮ್ಮ ಅಜ್ಜಿಯ ಕಥೆಯೆಂದು ಹೇಳುವ ಹೊತ್ತಿಗೆ ಎರಡು ತಲೆಮಾರು ಸಾಕಾಗಿತ್ತು. ಜಾನಪದ ಸಂಗ್ರಹಿಸುವವರು ಎಡವುವುದು ಇಲ್ಲೇ. ‘ಬಾಯಿಮಾತಿನಲ್ಲಿ ಸಿಕ್ಕಿತು’ ಅಂದರೆ ಹಳೆಯದು ಅಂತ ಅರ್ಥವಲ್ಲ. ಪುಸ್ತಕದಿಂದ ಬಾಯಿಗೆ ಇಳಿದದ್ದೂ ಇರುತ್ತದೆ.

ಪ್ರಿಚರ್ಡ್‌ನ ಬಗ್ಗೆಯೂ ಒಂದು ಕಥೆ ಇದೆ. ಉಯಿಲು ಬರೆಯದೆ ಸತ್ತ ಅವನು ದೆವ್ವವಾಗಿ ಹೋಟೆಲಿನಲ್ಲಿ ಓಡಾಡತೊಡಗಿದನಂತೆ. ಕೊನೆಗೆ ತನ್ನ ಹಳೆಯ ಆಳೊಬ್ಬನಿಗೆ ಕಾಣಿಸಿಕೊಂಡು, ಬಾರ್ ಕೋಣೆಯ ಒಲೆಕಲ್ಲಿನ ಕೆಳಗೆ ನೂರು ಗಿನಿ (ಚಿನ್ನದ ನಾಣ್ಯ) ಹೂತಿಟ್ಟಿದ್ದೇನೆ, ನನ್ನ ಹೆಂಡತಿಗೆ ಹೇಳು, ಅದರಲ್ಲಿ ಎರಡು ಗಿನಿ ನಿನಗೆ ಎಂದನಂತೆ. ಕಲ್ಲು ಎತ್ತಿದರು, ಹಣ ಸಿಕ್ಕಿತು, ದೆವ್ವ ಮತ್ತೆ ಬರಲಿಲ್ಲ. ನಾಯಿಯ ಕಥೆಗಿಂತ ಇದು ಈ ಊರಿಗೆ ಹೆಚ್ಚು ಸ್ವಂತದ್ದು ಅನ್ನಿಸುತ್ತದೆ. ವ್ಯಾಪಾರಸ್ಥನ ಲೆಕ್ಕ ಸತ್ತ ಮೇಲೂ ತಪ್ಪಿಲ್ಲ ನೋಡಿ, ಕೂಲಿ ಎಷ್ಟೆಂದು ಕೂಡ ಅವನೇ ಗೊತ್ತುಮಾಡಿದ್ದಾನೆ.

ಹಾಗಾದರೆ ಇಡೀ ಗೆಲರ್ಟ್ ಹೋಟೆಲಿನವನ ಸೃಷ್ಟಿಯೇ? ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ: ‘ಎಲ್ಲ ಪ್ರವಾಸಿಗರಿಗಾಗಿ ಕಟ್ಟಿದ್ದು’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಅದು ಫಲಕವನ್ನು ನಂಬಿದಷ್ಟೇ ಸೋಮಾರಿತನ. ಪ್ರಿಚರ್ಡ್ ಕಥೆಯನ್ನು ಹುಟ್ಟಿಸಲಿಲ್ಲ, ಅದಕ್ಕೊಂದು ವಿಳಾಸ ಕೊಟ್ಟ. ಕಥೆ ಅಷ್ಟು ಹೊತ್ತಿಗೆ ವೆಲ್ಷ್ ಭಾಷೆಯಲ್ಲಿ ನಾಲ್ಕು ಶತಮಾನ ಬಾಳಿತ್ತು.

ಇದನ್ನು ತೋರಿಸಲು ಕಥೆಯನ್ನು ಕೀಲುಕೀಲಾಗಿ ಬಿಚ್ಚಬೇಕು. ಒಂಟಿಯಾಗಿ ಬಿಟ್ಟ ಮಗು; ಕಾವಲಿಗೆ ಮನೆಯ ಪ್ರಾಣಿ; ಒಳನುಗ್ಗುವ ವೈರಿ; ಬಾಯಿಗೆ ಮೆತ್ತಿದ ರಕ್ತ; ಯಜಮಾನನತ್ತ ಸಂಭ್ರಮದ ಓಟ; ಆತುರದ ಏಟು; ತಡವಾಗಿ ತಿಳಿದ ಸತ್ಯ. ಇವುಗಳಲ್ಲಿ ಯಾವ ಪ್ರಾಣಿ, ಯಾವ ಆಯುಧ ಎಂಬುದು ಬದಲಾಗಬಹುದು. ಬದಲಾಗಬಾರದ್ದು ರಕ್ತ ಮತ್ತು ಸಂಭ್ರಮ. ಪ್ರಾಣಿ ಓಡಿ ಬರದೆ ಮಗುವಿನ ಬಳಿಯೇ ಕೂತಿದ್ದರೆ ಸತ್ತ ವೈರಿ ಮೊದಲು ಕಣ್ಣಿಗೆ ಬೀಳುತ್ತಿತ್ತು, ಏಟೇ ಬೀಳುತ್ತಿರಲಿಲ್ಲ. ಪ್ರೀತಿಯೇ ಅದನ್ನು ಕೊಲ್ಲಿಸುವಂತೆ ಹೆಣೆದದ್ದು ಕಥೆಯ ಕೌಶಲ.

ಪಂಚತಂತ್ರದ ‘ಅಪರೀಕ್ಷಿತಕಾರಕ’ ಭಾಗದಲ್ಲಿ ಈ ಏಳೂ ಇವೆ. ಒಂದು ಪಾಠದಲ್ಲಿ ನೀರಿಗೆ ಹೋದ ತಾಯಿ ತುಂಬಿದ ಕೊಡವನ್ನು ಮುಂಗುಸಿಯ ಮೇಲೆ ಎತ್ತಿಹಾಕುತ್ತಾಳೆ. ಹಿತೋಪದೇಶದಲ್ಲಿ ಕೊಲ್ಲುವವನು ತಂದೆ. 6ನೇ ಶತಮಾನದಲ್ಲಿ ಪರ್ಷಿಯಾದ ಖುಸ್ರೋ ದೊರೆಯ ಕಾಲದಲ್ಲಿ ಬುರ್ಜೋಯ್ ಎಂಬ ವೈದ್ಯ ಪಂಚತಂತ್ರವನ್ನು ಅಂದಿನ ಪರ್ಷಿಯನ್ ಭಾಷೆಯಾದ ಪಹ್ಲವಿಗೆ ತಂದ. 8ನೇ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫಾ ಅದನ್ನು ಅರಬ್ಬಿಗೆ ತಂದ. ಅಲ್ಲಿಂದ ಹೀಬ್ರೂ, ಹೀಬ್ರೂವಿನಿಂದ 13ನೇ ಶತಮಾನದಲ್ಲಿ ಲ್ಯಾಟಿನ್. ಇದು ಒಂದು ದಾರಿ.

ಇನ್ನೊಂದು ದಾರಿ ವೇಲ್ಸ್‌ಗೆ ಹೆಚ್ಚು ಹತ್ತಿರದ್ದು. ಸಿಂದಬಾದ್ ಎಂಬ ಜ್ಞಾನಿಯ ಹೆಸರಿನಲ್ಲಿ ಪಶ್ಚಿಮ ಏಷ್ಯಾದಲ್ಲಿ ಹಬ್ಬಿದ ಒಂದು ಕಥಾಮಾಲೆ ಯೂರೋಪಿನಲ್ಲಿ ‘ರೋಮಿನ ಏಳು ಜ್ಞಾನಿಗಳು’ ಆಯಿತು. ಮಲತಾಯಿಯ ಚಾಡಿ ನಂಬಿ ಚಕ್ರವರ್ತಿ ಸ್ವಂತ ಮಗನನ್ನು ಕೊಲ್ಲಿಸಲು ಹೊರಟಿದ್ದಾನೆ. ಏಳು ಗುರುಗಳು ದಿನಕ್ಕೊಂದು ಕಥೆ ಹೇಳಿ ಶಿಕ್ಷೆಯನ್ನು ಮುಂದೂಡುತ್ತಾರೆ. ಆತುರದಿಂದ ಕೊಂದು ಪರಿತಪಿಸಿದವನ ಕಥೆಗೆ ಇದಕ್ಕಿಂತ ಸರಿಯಾದ ಚೌಕಟ್ಟು ಇದೆಯೇ? ಇಲ್ಲಿಗೆ ಬರುವ ಹೊತ್ತಿಗೆ ಮುಂಗುಸಿ ಬೇಟೆನಾಯಿಯಾಗಿದೆ. ಮುಂಗುಸಿ ಯೂರೋಪಿನ ಓದುಗರಿಗೆ ಗೊತ್ತಿಲ್ಲ, ಮೇಲಾಗಿ ಯಜಮಾನ ಬ್ರಾಹ್ಮಣನಿಂದ ನೈಟ್, ಅಂದರೆ ಕುಲೀನ ಯೋಧ, ಆಗಿ ಬದಲಾದ್ದರಿಂದ ಅವನ ಅಂತಸ್ತಿಗೆ ತಕ್ಕ ಪ್ರಾಣಿ ಬೇಕಿತ್ತು. ಹಾವು ಇನ್ನೂ ಹಾವೇ. ಹೊಸದಾಗಿ ಒಂದು ಕೀಲು ಸೇರಿದೆ: ಕಾದಾಟದಲ್ಲಿ ತೊಟ್ಟಿಲು ಮಗುಚಿ ಮಗು ಅದರಡಿ ಮರೆಯಾಗುತ್ತದೆ. ಮಗು ಕಣ್ಣೆದುರೇ ಆಡಿಕೊಂಡಿದ್ದರೆ ಕತ್ತಿ ಹಿರಿಯಲು ಕಾರಣವಿರುತ್ತಿರಲಿಲ್ಲ, ಹಾಗಾಗಿ ಯಾರೋ ಜಾಣ ಕಥೆಗಾರ ತೊಟ್ಟಿಲು ಮಗುಚಿದ್ದಾನೆ. ಫಲಕದಲ್ಲಿನ ಬರಿದಾದ ತೊಟ್ಟಿಲು ಇದೇ. ಪಂಚತಂತ್ರದಿಂದ ನೇರವಾಗಿ ಬಂದಿದ್ದರೆ ಅದು ಇರುತ್ತಿರಲಿಲ್ಲ. ಗೆಲರ್ಟ್ ಈ ಎರಡನೇ ದಾರಿಯಿಂದ ಬಂದದ್ದಕ್ಕೆ ಅದೇ ಗುರುತು.

‘ಏಳು ಜ್ಞಾನಿಗಳು’ ವೆಲ್ಷ್ ಭಾಷೆಗೂ ಬಂತು. ಮಧ್ಯಯುಗದ ವೆಲ್ಷ್ ಸಾಹಿತ್ಯದ ಮುಖ್ಯ ಹಸ್ತಪ್ರತಿಗಳಲ್ಲಿ ಒಂದಾದ, ಸುಮಾರು 1400ರ ‘ಹೆರ್ಗೆಸ್ಟ್‌ನ ಕೆಂಪು ಪುಸ್ತಕ’ದಲ್ಲಿ ಅದಿದೆ. ‘ತನ್ನ ಬೇಟೆನಾಯಿಯನ್ನು ಕೊಂದವನಷ್ಟು ಪಶ್ಚಾತ್ತಾಪ’ ಎಂಬ ಗಾದೆಯೂ ವೆಲ್ಷ್‌ನಲ್ಲಿ ಬಳಕೆಗೆ ಬಂತು. 15ನೇ ಶತಮಾನದ ಕೊನೆಯಲ್ಲಿ ಜಾನ್ ರೌಸ್ ಎಂಬವನು ಬರೆಸಿದ ಲಾಂಛನಗಳ ಸುರುಳಿಯಲ್ಲಿ ವೇಲ್ಸ್‌ನ ಶಿರಸ್ತ್ರಾಣದ ಮೇಲಿನ ಚಿಹ್ನೆ ತೊಟ್ಟಿಲಲ್ಲಿ ನಿಂತ ಬೇಟೆನಾಯಿ. ಅಂದರೆ ಗಾದೆಯಾಗಿ, ಲಾಂಛನವಾಗಿ ನಾಯಿ ದೇಶದಲ್ಲೆಲ್ಲ ಅಲೆದಾಡಿಕೊಂಡಿತ್ತು, ಹೂಳಲು ಒಂದು ಊರು ಸಿಕ್ಕಿರಲಿಲ್ಲ. ಹೆಸರಲ್ಲೇ ಸಮಾಧಿ ಇಟ್ಟುಕೊಂಡ ಊರು ಸಿಕ್ಕಿತು, ಹೂತರು. ಹಾವು ತೋಳವಾದದ್ದು ಕೊನೆಯ ತಿದ್ದುಪಡಿ. ವೇಲ್ಸ್‌ನ ತಂಪು ನೆಲದಲ್ಲಿ ಮನೆಯೊಳಗೆ ಬಂದು ಮಗುವನ್ನು ಕೊಲ್ಲುವ ಹಾವನ್ನು ನಂಬಿಸುವುದು ಕಷ್ಟ. ತೋಳವನ್ನು ಯಾರೂ ಪ್ರಶ್ನಿಸುವುದಿಲ್ಲ.

ಇದೇ ನಾಯಿ ಫ್ರಾನ್ಸಿನಲ್ಲಿ ಸಂತನೇ ಆಗಿಬಿಟ್ಟಿತು. ಲಿಯಾನ್ ಬಳಿಯ ಹಳ್ಳಿಗರು ಗಿನ್‌ಫೋರ್ ಎಂಬ ‘ಸಂತ’ನಿಗೆ ಕಾಯಿಲೆಯ ಮಕ್ಕಳನ್ನು ಒಪ್ಪಿಸುತ್ತಿದ್ದರು. 13ನೇ ಶತಮಾನದಲ್ಲಿ ಎಟಿಯೆನ್ ದ ಬೂರ್ಬೋನ್ ಎಂಬ ಧರ್ಮವಿಚಾರಕ ಹೋಗಿ ವಿಚಾರಿಸಿದಾಗ ಸಂತ ಒಂದು ಬೇಟೆನಾಯಿಯೆಂದು, ಹಾವಿನಿಂದ ಮಗುವನ್ನು ಉಳಿಸಿ ಯಜಮಾನನ ಕೈಯಲ್ಲೇ ಸತ್ತದ್ದೆಂದು ಗೊತ್ತಾಯಿತು. ಅವನು ಮೂಳೆಗಳನ್ನು ಅಗೆಸಿ ಸುಡಿಸಿದ. ಪೂಜೆ 19ನೇ ಶತಮಾನದವರೆಗೂ ನಡೆಯಿತು.

ಕನ್ನಡದ ಕೊಂಡಿಯೊಂದನ್ನು ಇಲ್ಲಿ ಹೇಳಲೇಬೇಕು. ಚಾಲುಕ್ಯ ದೊರೆ ಜಯಸಿಂಹನ ಸಂಧಿವಿಗ್ರಹಿ (ಯುದ್ಧ, ಸಂಧಾನಗಳ ಮಂತ್ರಿ) ದುರ್ಗಸಿಂಹ ಸುಮಾರು 1031ರಲ್ಲಿ, ವಸುಭಾಗಭಟ್ಟನ ಸಂಸ್ಕೃತ ಪಾಠವನ್ನು ಅನುಸರಿಸಿ, ಪಂಚತಂತ್ರವನ್ನು ಚಂಪುವಾಗಿ ಬರೆದ. ಕಥೆ ಲ್ಯಾಟಿನ್ನಿಗೆ, ಫ್ರೆಂಚಿಗೆ ಹೋಗುವ ಮುಂಚೆಯೇ ಕನ್ನಡಕ್ಕೆ ಪಂಚತಂತ್ರ ಬಂದಿತ್ತು. ಅವನ ಐದು ಪ್ರಕರಣಗಳಲ್ಲಿ ಒಂದರ ಹೆಸರೇ ‘ಪರೀಕ್ಷೆ’. ಇನ್ನು ನಿಜವಾದ ನಾಯಿಯ ಸ್ಮಾರಕ ಹೇಗಿರುತ್ತದೆಂದು ತಿಳಿಯಬೇಕಾದರೆ ಮದ್ದೂರು ಬಳಿಯ ಆತಕೂರಿನ 10ನೇ ಶತಮಾನದ ಶಾಸನ ನೋಡಬೇಕು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ನಂತರ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದ ‘ಕಾಳಿ’ ಎಂಬ ನಾಯಿ ಕಾಡುಹಂದಿಯೊಂದಿಗೆ ಕಾದಿ ಎರಡೂ ಸತ್ತವು. ಕಲ್ಲು ನೆಟ್ಟವರು ಯಾರು, ಯಾವ ದೇವಸ್ಥಾನದ ಮುಂದೆ, ಎಷ್ಟು ಭೂಮಿ ಬಿಟ್ಟರು, ಪೂಜೆ ತಪ್ಪಿಸಿ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಯಾವ ಪಾಪ ಎಂಬುದೆಲ್ಲ ಅದರಲ್ಲೇ ಇದೆ. ಘಟನೆ ನಡೆದ ಕಾಲದಲ್ಲೇ ಕೆತ್ತಿದ ಕಲ್ಲು ಹೀಗೆ ಹೊಣೆ, ಭೂಮಿ, ತಕರಾರುಗಳ ಮಾತಾಡುತ್ತದೆ. ಆರುನೂರು ವರ್ಷ ತಡವಾಗಿ ಬಂದ ಗೆಲರ್ಟ್‌ನ ಫಲಕದಲ್ಲಿ ಬರೀ ಭಾವನೆ.

ಸಮಾಧಿ ನೋಡಿ ಮರಳುವವರಲ್ಲಿ ಹೆಚ್ಚಿನವರು ಚರ್ಚಿಗೆ ಹೋಗುವುದಿಲ್ಲ. ಊರಿನ ನಿಜವಾದ ಹಳಮೆ ಇರುವುದು ಅಲ್ಲಿ. ಸಾಧುಗಳ ಹಳೆಯ ಸಮುದಾಯವೊಂದು 13ನೇ ಶತಮಾನದಲ್ಲಿ ಅಗಸ್ಟೀನ್ ನಿಯಮದ ಮಠವಾಯಿತು. ಎಡ್ವರ್ಡ್‌ನ ದಂಡಯಾತ್ರೆಯ ಕಾಲದಲ್ಲಿ ಬೆಂಕಿಗೆ ಸಿಕ್ಕಿತು. ದುರಸ್ತಿಗೆ ಹಣ ಕೊಟ್ಟವರಿಗೆ ಪಾಪವಿಮೋಚನೆಯ ಭರವಸೆ ಕೊಟ್ಟು ಬ್ಯಾಂಗರ್‌ನ ಬಿಷಪ್ 1286ರಲ್ಲಿ ಪತ್ರ ಹೊರಡಿಸಿದ. ಎಂಟನೇ ಹೆನ್ರಿ 1530ರ ದಶಕದಲ್ಲಿ ಮಠಗಳನ್ನೆಲ್ಲ ಮುಚ್ಚಿಸಿದಾಗ ಇದೂ ಮುಚ್ಚಿತು. ಉಳಿದದ್ದು ಚರ್ಚು ಮಾತ್ರ. ಪೂರ್ವದ ಗೋಡೆಯಲ್ಲಿ ಎತ್ತರವಾಗಿ, ಕಿರಿದಾಗಿ, ಒಂದರ ಪಕ್ಕ ಒಂದು ನಿಂತ ಮೂರು ಕಿಟಕಿಗಳು 13ನೇ ಶತಮಾನದವು. ಲೆವೆಲಿನ್‌ನ ಕಾಲವನ್ನು ಕಣ್ಣಾರೆ ಕಾಣಬೇಕೆಂದರೆ ಊರಿನಲ್ಲಿ ನೋಡಬೇಕಾದದ್ದು ಆ ಗೋಡೆ.

ಇನ್ನೂ ಹಳೆಯದು ಬೇಕೆಂದರೆ ಈಶಾನ್ಯಕ್ಕೆ ಸುಮಾರು ಎರಡು ಕಿಲೋಮೀಟರ್ ಹೋಗಬೇಕು, ದಿನಾಸ್ ಎಮ್ರಿಸ್ ಎಂಬ ಕಾಡು ಮುಚ್ಚಿದ ಗುಡ್ಡಕ್ಕೆ. ಗೆಲರ್ಟ್‌ನ ಕಥೆಗೆ ಹೋಲಿಸಿದರೆ ಇದರದು ಬೇರೆಯೇ ತೂಕ. ಸುಮಾರು 830ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಬ್ರಿಟನ್ನರ ಚರಿತ್ರೆಯೊಂದರಲ್ಲೇ ಅದು ಬರುತ್ತದೆ. ಬ್ರಿಟನ್ನಿಗೆ ಹೊರಗಿನಿಂದ ಬಂದ ಸ್ಯಾಕ್ಸನ್ನರಿಂದ ತಪ್ಪಿಸಿಕೊಂಡು ಬಂದ ದೊರೆ ಗುರ್ಥೇರ್ನ್ ಸ್ನೋಡನ್ ಸೀಮೆಯಲ್ಲಿ ಕೋಟೆ ಕಟ್ಟಹೊರಟ. ಕೂಡಿಟ್ಟ ಮರ ಕಲ್ಲುಗಳು ರಾತ್ರಿ ಬೆಳಗಾಗುವುದರಲ್ಲಿ ಮಾಯ. ಹೀಗೆ ಮೂರು ಸಲ. ತಂದೆಯಿಲ್ಲದ ಹುಡುಗನ ರಕ್ತ ಚಿಮುಕಿಸಿದರೆ ಮಾತ್ರ ಕೋಟೆ ನಿಲ್ಲುತ್ತದೆಂದು ಮಂತ್ರವಾದಿಗಳು ಹೇಳಿದರು. ಹಿಡಿದು ತಂದ ಹುಡುಗ ಅವರನ್ನೇ ಪ್ರಶ್ನೆ ಕೇಳಿದ: ಈ ನೆಲದಡಿ ಏನಿದೆ? ಅವರಿಗೆ ಗೊತ್ತಿರಲಿಲ್ಲ. ಅಗೆದರೆ ಹೊಂಡ, ಹೊಂಡದಲ್ಲಿ ಪಾತ್ರೆ, ಪಾತ್ರೆಯೊಳಗೆ ಮಡಿಸಿದ ಬಟ್ಟೆ, ಬಟ್ಟೆಯಲ್ಲಿ ನಿದ್ರಿಸುವ ಎರಡು ಸರ್ಪ, ಒಂದು ಕೆಂಪು, ಒಂದು ಬಿಳಿ. ಎರಡೂ ಕಾದಾಡಿದವು, ಮೊದಲು ಸೋಲುವಂತಿದ್ದ ಕೆಂಪು ಕೊನೆಗೆ ಬಿಳಿಯನ್ನು ಅಟ್ಟಿತು. ಕೆಂಪು ನಮ್ಮವರು, ಬಿಳಿ ಸ್ಯಾಕ್ಸನ್ನರು ಎಂದ ಹುಡುಗ. ಅವನ ಹೆಸರು ಎಮ್ರಿಸ್. ಮುನ್ನೂರು ವರ್ಷ ಕಳೆದ ಮೇಲೆ ಮಾನ್‌ಮತ್‌ನ ಜೆಫ್ರಿ ಎಂಬ ಲೇಖಕ ಅದೇ ಹುಡುಗನನ್ನು ಆರ್ಥರ್ ದೊರೆಯ ಕಥೆಗಳ ಮಾಂತ್ರಿಕ ಮೆರ್ಲಿನ್ ಮಾಡಿದ. 1959ರಲ್ಲಿ ಅಧಿಕೃತವಾದ ವೇಲ್ಸ್‌ನ ಧ್ವಜದ ಕೆಂಪು ಡ್ರ್ಯಾಗನ್‌ಗೆ ಜನ ಹೇಳುವ ಮೂಲಕಥೆ ಇದು.

ಡ್ರ್ಯಾಗನ್‌ಗಳು ಅಲ್ಲಿಗೆ ಬಂದದ್ದು ಹೇಗೆಂಬುದಕ್ಕೆ ಇನ್ನೊಂದು ಮಧ್ಯಯುಗದ ವೆಲ್ಷ್ ಕಥೆ ಉತ್ತರ ಕೊಡುತ್ತದೆ. ದ್ವೀಪದ ನಟ್ಟನಡುವೆ, ಆಕ್ಸ್‌ಫರ್ಡ್‌ನಲ್ಲಿ, ಗುಂಡಿ ತೋಡಿ ಜೇನಿನ ಮದ್ಯ ತುಂಬಿದ ತೊಟ್ಟಿಯಿಟ್ಟು ಮೇಲೆ ರೇಷ್ಮೆ ಹಾಸಿದರು. ಆಕಾಶದಲ್ಲಿ ಕಾದಾಡಿ ದಣಿದ ಡ್ರ್ಯಾಗನ್‌ಗಳು ಹಂದಿಮರಿಗಳಾಗಿ ಅದರೊಳಗೆ ಬಿದ್ದು, ಮದ್ಯ ಕುಡಿದು ಮಲಗಿದವು. ಬಟ್ಟೆಯಲ್ಲಿ ಸುತ್ತಿ, ಕಲ್ಲಿನ ಪೆಟ್ಟಿಗೆಯಲ್ಲಿಟ್ಟು ದಿನಾಸ್ ಎಮ್ರಿಸ್‌ನಲ್ಲಿ ಹೂತರು. ಹಿಂದಿನ ಕಥೆಯ ಮಡಿಸಿದ ಬಟ್ಟೆಗೆ ಇಲ್ಲಿ ಕಾರಣ ಸಿಗುತ್ತದೆ.

ಎಚ್. ಎನ್. ಸ್ಯಾವರಿ 1954ರಿಂದ 1956ರವರೆಗೆ ಇಲ್ಲಿ ಉತ್ಖನನ ಮಾಡಿದಾಗ ನಿಜಕ್ಕೂ ಹೊಂಡ ಸಿಕ್ಕಿತು, ನೀರು ಹಿಡಿದಿಡಲು ಮನುಷ್ಯರು ತೋಡಿದ್ದು. 5-6ನೇ ಶತಮಾನದಲ್ಲಿ ಸ್ಥಿತಿವಂತರು ವಾಸವಿದ್ದ ಕುರುಹುಗಳೂ ಸಿಕ್ಕವು: ಮೆಡಿಟರೇನಿಯನ್ ಕಡೆಯಿಂದ ಬಂದ ಜಾಡಿಗಳ ಚೂರು, ಕ್ರಿಸ್ತನ ಚಿಹ್ನೆಯಿರುವ ಮಡಕೆಯ ತುಂಡು. ಗುಡ್ಡದ ನೆತ್ತಿಯ ಮೇಲಿನ ಗೋಪುರದ ತಳಪಾಯ ಮಾತ್ರ ಬಹಳ ಈಚಿನದು, ವೆಲ್ಷ್ ಅರಸರ ಕಾಲದ್ದು. ಇದರಿಂದ ಗುರ್ಥೇರ್ನ್ ಬಂದಿದ್ದನೆಂದು ಸಾಬೀತಾಗುವುದಿಲ್ಲ. ಆದರೆ ಕಥೆ ಕಟ್ಟಿದವರಿಗೆ ಈ ಜಾಗದ ಪರಿಚಯವಿತ್ತು, ಗುಡ್ಡದ ಮೇಲೆ ಹೊಂಡವಿದೆ, ಹಿಂದೆ ದೊಡ್ಡವರು ಇದ್ದರು ಎಂಬ ನೆನಪಿತ್ತು ಎನ್ನಲು ಅಡ್ಡಿಯಿಲ್ಲ. ಜೌಗು ಹೊಂಡದ ಅಂಚಿನಲ್ಲಿ ಕಟ್ಟಿದ ಗೋಡೆ ಕುಸಿಯಲು ಡ್ರ್ಯಾಗನ್ನೇ ಬೇಕಿಲ್ಲ ಎಂಬುದು ಬೇರೆ ಮಾತು.

ಹೋಗುವವರಿಗೆ ಒಂದು ಸೂಚನೆ. ದಾರಿ ಶುರುವಾಗುವುದು ನ್ಯಾಷನಲ್ ಟ್ರಸ್ಟ್‌ನ ಕ್ರಾಫ್ಲ್ವಿನ್ ಎಂಬ ಜಾಗದಿಂದ. ಹಳ್ಳದ ಪಕ್ಕದಲ್ಲಿ ಏರಿ, ಜಲಪಾತ ದಾಟಿ, ಓಕ್ ಮರಗಳ ನಡುವೆ ನುಸುಳಿ ನೆತ್ತಿಗೆ ಹೋಗುತ್ತದೆ. ದೂರ ಹೆಚ್ಚಿಲ್ಲ, ಆದರೆ ಮಳೆಯಲ್ಲಿ ಬೇರುಗಳೂ ಹಾಸುಬಂಡೆಗಳೂ ವಿಪರೀತ ಜಾರುತ್ತವೆ. ಇಲ್ಲಿ ಮಳೆಯಿಲ್ಲದ ವಾರ ಅಪರೂಪ. ಬಹುತೇಕರು ಗೋಪುರದ ತಳಪಾಯದ ಮೇಲೆ ನಿಂತು ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ಹೊಂಡ ಅಲ್ಲಿಲ್ಲ, ಸ್ವಲ್ಪ ಕೆಳಗಿನ ತಗ್ಗಿನಲ್ಲಿದೆ. ಜೊಂಡು ಮುಚ್ಚಿದ ಬರೀ ಜೌಗಿನಂತೆ ಕಾಣುವುದರಿಂದ ತಪ್ಪಿಹೋಗುತ್ತದೆ.

ಈಗ ಊರಿನ ಎರಡನೇ ನಾಯಿ. ದಕ್ಷಿಣಕ್ಕೆ ಎರಡು ಕಿಲೋಮೀಟರ್ ದೂ‌ರದಲ್ಲಿ ನದಿ ಅಬರ್‌ಗ್ಲಾಸ್ಲಿನ್ ಕಮರಿಯಿಂದ ಹೊರಬೀಳುವಲ್ಲಿ ಒಂದು ಹಳೆಯ ಕಲ್ಲುಸೇತುವೆ ಇದೆ. ಅದನ್ನು ಕಟ್ಟಿದವನು ಸೈತಾನನಂತೆ. ಕೂಲಿ, ಸೇತುವೆಯನ್ನು ಮೊದಲು ದಾಟುವ ಜೀವ. ಊರವರು ಮಂತ್ರವಾದಿ ರಾಬಿನ್ ದೀಯ ಸಲಹೆ ಕೇಳಿದರು. ಅವನು ಒಂದು ನಾಯಿಯನ್ನು ಕರೆತಂದು ರೊಟ್ಟಿಯನ್ನು ಸೇತುವೆಯ ಆಚೆ ಎಸೆದ. ನಾಯಿ ಓಡಿತು, ಸೈತಾನನಿಗೆ ಅದೇ ಕೂಲಿ. ಸೈತಾನನ ಸೇತುವೆಗಳ ಕಥೆ ಯೂರೋಪಿನ ಉದ್ದಗಲಕ್ಕೂ ಇದೆ, ವೇಲ್ಸ್‌ನಲ್ಲೇ ಇನ್ನೂ ಹೆಸರಾಂತದ್ದು ಬೇರೆಡೆ ಇದೆ. ಇಲ್ಲಿ ನೋಡಬೇಕಾದ್ದು ಜಾಗ. 1811ರಲ್ಲಿ ವಿಲಿಯಂ ಮ್ಯಾಡಕ್ಸ್ ಪೋರ್ತ್‌ಮ್ಯಾಡಗ್ ಬಳಿ ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ ಸಮುದ್ರವನ್ನು ತಡೆಯುವವರೆಗೆ ಉಬ್ಬರದ ನೀರು ಈ ಸೇತುವೆಯ ಹತ್ತಿರದವರೆಗೂ ಬರುತ್ತಿತ್ತು. ಮುಂದಿನ ಬಯಲೆಲ್ಲ ಉಸುಕು ಮತ್ತು ಅಳಿವೆ. ದಾರಿ ತಪ್ಪಿದವರು ಮುಳುಗುತ್ತಿದ್ದರು. ಇಲ್ಲೊಂದು ಸೇತುವೆಗೆ ಜನ ಎಷ್ಟು ಬೆಲೆ ಕೊಡಲು ತಯಾರಿದ್ದರೆಂಬುದು ಈಗಿನ ಹಸಿರು ಗದ್ದೆ ನೋಡಿದರೆ ಹೊಳೆಯುವುದಿಲ್ಲ. ಸಮಾಧಿಯಿಂದ ಸೇತುವೆಗೆ ನದಿಯ ಪೂರ್ವ ದಡದಲ್ಲಿ ಮೀನುಗಾರರ ಕಾಲುದಾರಿ ಇದೆ. ಕೆಲವೆಡೆ ಬಂಡೆಗೆ ಬಡಿದ ಕಬ್ಬಿಣದ ಹಿಡಿಕೆ ಹಿಡಿದು ನೀರಿನ ಮೇಲೆಯೇ ಸಾಗಬೇಕು. ನದಿ ಉಕ್ಕಿದಾಗ ಆ ಭಾಗ ಮುಳುಗುತ್ತದೆ, ಆಗ ರಸ್ತೆಯೇ ಗತಿ.

ಉತ್ತರಕ್ಕೆ ಹೋದರೆ ರೀದ್‌ದೀ ಹಳ್ಳಿಯ ಬಳಿ ದವಾರ್ಖೆನ್ ಎಂಬ ಸಣ್ಣ ಸರೋವರ. ಹೆಸರಿನ ಅರ್ಥವೇ ಹುಲ್ಲುಹೆಂಟೆ. ಈ ಸೀಮೆಯ ಯುವಕನೊಬ್ಬ ‘ಟಲ್ವಿತ್ ತೇಗ್’ ಎಂಬ ಅಪ್ಸರ ಕುಲದ ಹುಡುಗಿಯನ್ನು ಮದುವೆಯಾದ. ಕಬ್ಬಿಣ ತಗುಲಿಸಬಾರದೆಂಬುದು ಕರಾರು. ಕುದುರೆಯ ಕಡಿವಾಣ ಅಕಸ್ಮಾತ್ ತಗುಲಿತು, ಅವಳು ಮಾಯವಾದಳು. ಅವಳಿಗೆ ಇನ್ನು ಮನುಷ್ಯನ ಜತೆ ನೆಲದ ಮೇಲೆ ನಿಲ್ಲುವ ಹಾಗಿಲ್ಲ. ಅದಕ್ಕೆ ಅವಳ ತಾಯಿ ಉಪಾಯ ಮಾಡಿ ದೊಡ್ಡ ಹುಲ್ಲುಹೆಂಟೆಯೊಂದನ್ನು ಸರೋವರದಲ್ಲಿ ತೇಲಿಬಿಟ್ಟಳು. ಅವಳು ಅದರ ಮೇಲೆ, ಅವನು ದಡದಲ್ಲಿ, ಗಂಟೆಗಟ್ಟಲೆ ಮಾತು. ಈ ಭಾಗದ ಕಥೆಗಳಲ್ಲಿ ನನ್ನ ಮೆಚ್ಚಿನದು ಇದು. ಕಾನೂನನ್ನು ಮುರಿಯದೆ ಅದರ ಸಂದಿನಲ್ಲಿ ಸಂಸಾರ ನಡೆಸಿದ ದಂಪತಿ ಬೇರೆಲ್ಲಿ ಸಿಗುತ್ತಾರೆ?

ತೇಲುವ ಹೆಂಟೆ ಕಥೆಯಲ್ಲ. 1188ರಲ್ಲಿ ವೇಲ್ಸ್ ಸುತ್ತಿದ ಜೆರಾಲ್ಡ್ ಎಂಬ ಪಾದ್ರಿ ಸ್ನೋಡನ್ ಬೆಟ್ಟಗಳ ಸರೋವರವೊಂದರಲ್ಲಿ ಗಾಳಿಗೆ ದಡದಿಂದ ದಡಕ್ಕೆ ಸರಿಯುವ ದ್ವೀಪವಿದೆ, ಮೇಯಲು ಹತ್ತಿದ ದನಗಳು ಅದರ ಜತೆಗೇ ತೇಲಿಹೋಗುತ್ತವೆ ಎಂದು ಬರೆದಿದ್ದಾನೆ. 1698ರಲ್ಲಿ ಖಗೋಳಜ್ಞ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ, ದವಾರ್ಖೆನ್‌ಗೆ ಬಂದು ಈಜಿ ಹೋಗಿ ಅದು ತೇಲುವುದು ನಿಜವೆಂದು ಖಾತ್ರಿ ಮಾಡಿಕೊಂಡ. ಕೊಳೆತ ಸಸ್ಯಗಳ ದಪ್ಪ ಪದರ ದಡದಿಂದ ಕಿತ್ತು ಬಂದರೆ, ಬೇರುಗಳ ಹೆಣಿಗೆ ಬಿಡದಿರುವವರೆಗೆ ಹೀಗೆ ತೇಲಬಲ್ಲುದು. ನೆನೆದು ತೂಕ ಹೆಚ್ಚಿದಾಗ ಒಡೆದು ಮುಳುಗುತ್ತದೆ. ಈಗ ಅಲ್ಲಿ ಕಾಣುವ ಪುಟ್ಟ ದ್ವೀಪ ನೆಲಕ್ಕೆ ಅಂಟಿದ್ದು. ಹ್ಯಾಲಿ ಹತ್ತಿದ್ದು ಅದೇ ಎಂದು ತೋರಿಸುವವರನ್ನು ನಂಬಬೇಡಿ.

ಕ್ಯಾರ್ನಾರ್ವನ್‌ನಿಂದ ಪೋರ್ತ್‌ಮ್ಯಾಡಗ್‌ಗೆ 40 ಕಿಲೋಮೀಟರ್ ಓಡುವ ಕಿರುರೈಲು ರೀದ್‌ದೀ, ಬೆದ್‌ಗೆಲರ್ಟ್ ಎರಡರಲ್ಲೂ ನಿಲ್ಲುತ್ತದೆ. ಹಳಿಗಳ ನಡುವೆ 597 ಮಿಲಿಮೀಟರ್ ಮಾತ್ರ ಅಂತರ. 1923ರಲ್ಲಿ ಶುರುವಾಗಿ 1936ರಲ್ಲಿ ಪ್ರಯಾಣಿಕರಿಲ್ಲದೆ ನಿಂತುಹೋದ ಮಾರ್ಗವನ್ನು ಬಹುಪಾಲು ಸ್ವಯಂಸೇವಕರ ದುಡಿಮೆಯಿಂದ ಮತ್ತೆ ಹಾಕಿ, 2009ರಲ್ಲಿ ಬೆದ್‌ಗೆಲರ್ಟ್‌ಗೆ, 2011ರಲ್ಲಿ ಪೋರ್ತ್‌ಮ್ಯಾಡಗ್‌ವರೆಗೆ ತಂದರು. ಊರಿನ ಮೇಲುಗಡೆ ರೈಲು ನಲವತ್ತಕ್ಕೆ ಒಂದರ ಇಳಿಜಾರಿನಲ್ಲಿ ಸುತ್ತಿ ಬಳಸಿ ಇಳಿಯುತ್ತದೆ. ಅದಕ್ಕೇ ದಕ್ಷಿಣ ಆಫ್ರಿಕಾದಲ್ಲಿ ದುಡಿದ, ನಡುವೆ ಬಾಗುವ ಗ್ಯಾರೆಟ್ ಎಂಜಿನ್‌ಗಳನ್ನು ಕೊಂಡು ತಂದದ್ದು.

ಕೊನೆಯದಾಗಿ, ಈ ಊರಿನಲ್ಲಿ ನಡೆದದ್ದು ಖಂಡಿತ ನಿಜ ಎಂದು ಪ್ರಮಾಣ ಮಾಡಿ ಹೇಳಬಹುದಾದ ಒಂದು ವಿಚಿತ್ರ. 1949ರ ಸೆಪ್ಟೆಂಬರ್ 21ರ ನಸುಕಿನಲ್ಲಿ, ಎರಡು ಗಂಟೆಗೆ ಸ್ವಲ್ಪ ಮೊದಲು, ಆಕಾಶದಿಂದ ಬಂದ ಉಲ್ಕೆಯೊಂದು ಪ್ರಿನ್ಸ್ ಲೆವೆಲಿನ್ ಹೋಟೆಲಿನ ಸ್ಲೇಟ್ ಮಾಡು ತೂರಿ ಮಹಡಿಯ ಕೋಣೆಯೊಳಗೆ ಬಿತ್ತು. ತೂಕ ಸುಮಾರು 794 ಗ್ರಾಂ. ವೇಲ್ಸ್‌ನಲ್ಲಿ ದಾಖಲಾದ ಎರಡನೇ ಉಲ್ಕಾಪಾತ ಅದು. ಮೊದಲನೆಯದು 1931ರಲ್ಲಿ, ದೂರವೇನಲ್ಲದ ಪಾಂಟ್‌ಲವ್ನಿಯಲ್ಲಿ. ಬೇರೆ ಕಾಲದಲ್ಲಿ ಬಿದ್ದಿದ್ದರೆ ಇದಕ್ಕೂ ಒಬ್ಬ ಅರಸ, ಒಂದು ಶಾಪ, ಒಂದು ಬೇಲಿ ಹಾಕಿದ ಕಲ್ಲು ಸಿಗುತ್ತಿತ್ತು. 1949ರಲ್ಲಿ ಬಿದ್ದದ್ದರಿಂದ ಅದನ್ನು ತುಂಡರಿಸಿ, ಒಂದು ಪಾಲು ಬ್ರಿಟಿಷ್ ಮ್ಯೂಸಿಯಮ್ಮಿಗೆ, ಇನ್ನೊಂದು ಡರ್ಹಮ್ ವಿಶ್ವವಿದ್ಯಾಲಯಕ್ಕೆ ಮಾರಿದರು.